ನೂಲಿನ ತುದಿಯ ಕಲ್ಲು

ಗಜೇಂದ್ರಗಡದ ಗುಡ್ಡದಲ್ಲಿ ಆರಿಸಿದ ಕಲ್ಲಿನ ಚೀಲ ಹೊತ್ತು ರೋಣದಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರ್ ಆ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ. ಅದು ಜಗ್ಗಲಿಲ್ಲ. "ನಿಮಗ ಫ್ರೀ ಐತ್ರಿ ಅಕ್ಕಾರ, ಕಲ್ಲಿಗೆ ಇಲ್ಲ" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮರುದಿನ ನರಗುಂದದ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಕಲ್ಲು, ಜ್ವಾಲಾಮುಖಿ, ಭೂಕಂಪದ ಪಾಠ ಶುರು ಮಾಡಬೇಕಿತ್ತು. ಕಲ್ಲು ಕೈಗೆ ಕೊಡದೆ ಕಲ್ಲಿನ ಪಾಠ ಹೇಳುವುದೆಂದರೆ ಮಕ್ಕಳ ಮೊಣಕೈಗೆ ಬೆಲ್ಲ ಸವರಿದಂತೆ. ನನಗೆ ಅದು ಸೇರುವುದಿಲ್ಲ.

ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ, ಕೆಲಸ ನರಗುಂದದಲ್ಲಿ. ಶನಿವಾರ ಊರಿಗೆ ಹೋಗಿ ಭಾನುವಾರ ಬಾಡಿಗೆ ಮನೆಗೆ ಮರಳುತ್ತೇನೆ. ನಮ್ಮೂರ ಗುಡ್ಡದ ಕೆಂಪು ಮರಳುಗಲ್ಲಿನಲ್ಲಿ ಕೆಲವು ತುಂಡುಗಳ ಮೇಲೆ ಸಣ್ಣ ಸಣ್ಣ ಅಲೆಯಂಥ ಗೆರೆಗಳಿರುತ್ತವೆ. ಯಾವುದೋ ಕಾಲದಲ್ಲಿ ನೀರು ಮರಳಿನ ಮೇಲೆ ಹರಿದಾಡಿ ಬಿಟ್ಟ ಗುರುತು ಅದು. ಮರಳು ಕಲ್ಲಾದರೂ ಗುರುತು ಉಳಿದಿದೆ. ಅಂಥ ತುಂಡುಗಳನ್ನೇ ಆರಿಸಿ ತಂದಿದ್ದೆ.

ಆಗ ಆಷಾಢ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು, ಮಂಗಳವಾರಕ್ಕೊಮ್ಮೆ ಮನೆಮನೆಯಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುವ ದಿನಗಳು. ಜ್ವಾಲಾಮುಖಿಯ ಮಾದರಿ ಮಾಡಿರೆಂದು ಕೆರೆಯ ಮಣ್ಣು ಕೊಟ್ಟು ನಾನು ಸಿಬ್ಬಂದಿ ಕೋಣೆಗೆ ಹೋಗಿ ಬರುವಷ್ಟರಲ್ಲಿ ಹುಡುಗಿಯರು ಅದಕ್ಕೆ ಗುಲಗಂಜಿ ಒತ್ತಿ, ಕುಸುಬಿ ಕಾಳಿನ ಸಾಲು ಕೂರಿಸಿ, ನೆತ್ತಿಗೆ ಹೂವು ಏರಿಸಿಬಿಟ್ಟಿದ್ದರು. ಕೈಗೆ ರೂಢಿಯಾದದ್ದು ಕೈ ಮಾಡಿತ್ತು. ನಾನು ಸೋಡಾಪುಡಿ, ನಿಂಬೆಹುಳಿ ತೆಗೆದುಕೊಂಡು ಹತ್ತಿರ ಹೋದರೆ ತರಗತಿಗೆ ತರಗತಿಯೇ ಅಡ್ಡ ನಿಂತಿತು.

"ಬ್ಯಾಡ್ರಿ ಟೀಚರ್ರಿ, ಗುಳ್ಳವ್ವನ ಬಾಯಾಗ ಹುಳಿ ಹಾಕಿದ್ರ ಪಾಪ ಬರ್ತೈತ್ರಿ."

ಕೊನೆಗೆ ಗುಳ್ಳವ್ವನನ್ನು ಕಿಟಕಿಯಲ್ಲಿ ಕೂರಿಸಿ, ನಾನೇ ಒಂದು ಒಡ್ಡೊಡ್ಡಾದ ಗುಡ್ಡ ಮಾಡಿ ಅದನ್ನು ಉಕ್ಕಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಳು ಮಾತ್ರ ನನ್ನ ಕಲ್ಲಿನ ಚೀಲದ ಹತ್ತಿರ ಕುಳಿತು ಗೆರೆಗಲ್ಲಿನ ಮೇಲೆ ಬೆರಳಾಡಿಸುತ್ತಿದ್ದಳು. ಗಾದಿಯವರ ಹುಡುಗಿ. ಅವಳ ಅಪ್ಪ ಅರಳೆ ಹಿಂಜಿ ಗಾದಿ, ತಲೆದಿಂಬು ಹೊಲಿಯುವವರು. ಊರೂರು ತಿರುಗಿ ಹಳೆಯ ಗಾದಿಗಳನ್ನು ಬಿಚ್ಚಿ ಹೊಸದು ಮಾಡಿಕೊಡುವ ಮುಸ್ಲಿಂ ಮನೆತನ. ಹುಡುಗಿಗೆ ಮಾತು ಕಡಿಮೆ, ನೋಟ ಜಾಸ್ತಿ. "ಇದರಾಗಿಂದ ಸಣ್ಣದೊಂದು ನನಗ ಕೊಡ್ತೀರೇನ್ರಿ?" ಎಂದಳು. ಕೊಟ್ಟೆ.

ಭೂಕಂಪದ ಪಾಠಕ್ಕೆ ಮನೆಗೆಲಸ ಹೀಗೆ ಕೊಟ್ಟಿದ್ದೆ. ಮನೆಯ ತೊಲೆಗೆ ಒಂದು ನೂಲು ಕಟ್ಟಬೇಕು, ತುದಿಗೆ ಚೂಪು ಮೂತಿಯ ಕಲ್ಲು. ಕೆಳಗೆ ನೆಲದ ಮೇಲೆ ತಟ್ಟೆಯಲ್ಲಿ ಜೋಳದ ಹಿಟ್ಟು ಹರವಿ, ಕಲ್ಲಿನ ಮೂತಿ ಹಿಟ್ಟಿಗೆ ಸೋಂಕುವಂತೆ ಬಿಡಬೇಕು. ನೆಲ ನಡುಗಿದರೆ ತಟ್ಟೆ ಅಲುಗುತ್ತದೆ, ಕಲ್ಲು ಹಿಟ್ಟಿನಲ್ಲಿ ಗೆರೆ ಎಳೆಯುತ್ತದೆ. ಭೂಕಂಪ ಅಳೆಯುವ ಯಂತ್ರದ ಹಿಂದಿನ ಉಪಾಯ ಇಷ್ಟೇ. ಮನೆಗಳಲ್ಲಿ ಹಿಟ್ಟು ಚೆಲ್ಲಿದ್ದಕ್ಕೆ ಬೈಗುಳ ಬಿದ್ದದ್ದು ಬೇರೆ ಮಾತು.

ಆ ವಾರ ನರಗುಂದದಲ್ಲಿ ಆದಷ್ಟು ಭೂಕಂಪ ಜಗತ್ತಿನಲ್ಲಿ ಎಲ್ಲಿಯೂ ಆಗಿರಲಿಕ್ಕಿಲ್ಲ. ಒಬ್ಬಳ ತಟ್ಟೆಯಲ್ಲಿ ಗೆರೆಯೋ ಗೆರೆ. ವಿಚಾರಿಸಿದರೆ ಇರುವೆ ಸಾಲು. ಇನ್ನೊಬ್ಬಳ ಹಿಟ್ಟನ್ನು ಬೆಕ್ಕು ನೆಕ್ಕಿತ್ತು. ಮತ್ತೊಬ್ಬಳ ತಮ್ಮ ಕಲ್ಲಿಗೆ ಜೋತುಬಿದ್ದಿದ್ದ. ಹಿಟ್ಟು ಬೇಡ ಎಂದು ಎಲ್ಲರಿಗೂ ರಂಗೋಲಿ ಪುಡಿ ಹಂಚಿದೆ. ಅದೂ ಕಲ್ಲಿನ ಹಿಟ್ಟೇ, ಇರುವೆ ಮೂಸಿ ನೋಡುವುದಿಲ್ಲ.

ಗಾದಿಯವರ ಹುಡುಗಿಯ ತಕರಾರು ಬೇರೆಯದೇ ಆಗಿತ್ತು. "ನಮ್ಮ ಕಲ್ಲು ಪುಡಿ ಮುಟ್ಟವಲ್ದ್ರಿ" ಎಂದಳು. ಮೊದಲ ದಿನ ಮುಟ್ಟಿತ್ತಂತೆ, ಆಮೇಲೆ ಮುಟ್ಟುತ್ತಿಲ್ಲ.

"ಮಳೆಗಾಲ ನೋಡವಾ, ಹತ್ತಿನೂಲು ತೇವ ಕುಡಿದರೆ ಗಿಡ್ಡ ಆಗುತ್ತೆ. ಒಂಚೂರು ಇಳಿಸಿ ಕಟ್ಟು" ಎಂದೆ. ತಪ್ಪು ಮಾತೇನಲ್ಲ, ನೂಲಿನ ಗುಣವೇ ಅದು. ಎರಡು ಮೂರು ದಿನ ಬಿಟ್ಟು ಮತ್ತೆ ಬಂದಳು. ಇಳಿಸಿ ಕಟ್ಟಿದ್ದೂ ಮುಟ್ಟುತ್ತಿಲ್ಲ. ಅಷ್ಟರಲ್ಲಿ ಗೆಳತಿಯರು ಅವಳಿಗೆ "ಭೂಕಂಪವ್ವ" ಎಂದು ಹೆಸರಿಟ್ಟಿದ್ದರು. ನಾನು ಅವರನ್ನು ಗದರಿಸಿದೆ, ಅವಳಿಗೂ ಅದೇ ನೂಲಿನ ಉತ್ತರ ಕೊಟ್ಟು ಮುಂದಿನ ಪಾಠಕ್ಕೆ ಹೋದೆ.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ನೂಲು ತಗದು ತಂತಿ ಹಾಕಿ ನೋಡಿನ್ರಿ. ತಂತಿ ತೊಯ್ದರ ಗಿಡ್ಡ ಆಗಂಗಿಲ್ಲಲ್ರಿ?"

"ಇಲ್ಲ."

"ತಂತಿನೂ ಮುಟ್ಟವಲ್ದ್ರಿ. ತೊಲಿ ಏನ ಮ್ಯಾಲೆ ಏರೂದಿಲ್ಲ." ಅವಳು ತನ್ನ ಕಾಲುಬೆರಳು ನೋಡಿಕೊಂಡಳು. "ಹಂಗಾದ್ರ ನೆಲಾನ ಇಳ್ಯಾಕತ್ತೈತೇನ್ರಿ?"

ನನ್ನ ಕೈಯಲ್ಲಿ ಸೀಮೆಸುಣ್ಣ ಇತ್ತು. ಅದನ್ನು ಮೇಜಿನ ಮೇಲಿಟ್ಟೆ. "ಆ ಕಲ್ಲು ಕಟ್ಟಿದ ಜಾಗದಾಗ ಯಾರು ಮಲಗತಾರ?" ಎಂದು ಕೇಳುವಾಗ ನನಗರಿವಿಲ್ಲದೆ ಮನೆಮಾತು ಬಂದಿತ್ತು.

"ನಮ್ಮ ಆಯಿ ಹೊರಸು ಐತ್ರಿ ಅಲ್ಲೆ. ಆಕಿ ಏಳಂಗಿಲ್ರಿ."

ನನಗೆ ಹೆದರಿಕೆಯಾಯಿತು. ನರಗುಂದದವರಿಗೆ ನೆಲ ಕುಸಿಯುವುದು ಹೊಸ ಸುದ್ದಿಯಲ್ಲ. ಈ ಕರಿಮಣ್ಣಿನ ಸೀಮೆಯಲ್ಲಿ ಹಿಂದೆ ಜೋಳ ಕೂಡಿಡುತ್ತಿದ್ದುದು ಹಗೇವಿನಲ್ಲಿ. ಮನೆಯೊಳಗೋ ಅಂಗಳದಲ್ಲೋ ನೆಲದಡಿ ದೊಡ್ಡ ಗಡಿಗೆಯ ಆಕಾರಕ್ಕೆ ಅಗೆದ ಕಣಜ ಅದು. ಹೊಟ್ಟೆ ಅಗಲ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮುಚ್ಚಿ, ಸಗಣಿ ಸಾರಿಸಿದರೆ ಮುಗಿಯಿತು. ಕಳ್ಳಕಾಕರ ಭಯಕ್ಕೆ ಅದರ ಜಾಗ ಮನೆಯವರಲ್ಲದೆ ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಚೀಲ, ಗೋದಾಮು ಬಂದ ಮೇಲೆ ಹಗೇವು ಬೇಡವಾಯಿತು. ಹೊಟ್ಟೆ ತುಂಬಿಸದೆ ಬರೀ ಬಾಯಿ ಮುಚ್ಚಿ ಮನೆ ಮಾರಿದವರೂ ಇದ್ದಾರೆ. ಹೇಳದೆ ಇರುವುದೇ ರೂಢಿಯಾಗಿದ್ದರಿಂದ ಕೊಂಡವರಿಗೂ ಹೇಳಲಿಲ್ಲ. ಕಾಲುವೆ ನೀರು ಬಂದು ನೆಲದೊಳಗೆ ತೇವ ಏರಿದಾಗ ಅವು ಒಂದೊಂದೇ ಬಾಯಿ ಬಿಡತೊಡಗಿದವು. ನಮ್ಮ ಹುಡುಗಿಯ ಕಲ್ಲು ಹಿಡಿಯಲು ಹೋದದ್ದು ಭೂಕಂಪವನ್ನು, ಹಿಡಿದದ್ದು ಬಹುಶಃ ಇದನ್ನು.

ಸಂಜೆ ಅವಳ ಜೊತೆ ಮನೆಗೆ ಹೋದೆ. ಹಳೆಯ ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯ ಒಂದು ಬದಿಗೆ ಗಾದಿಗಳ ಒಟ್ಟಿಲು, ಇನ್ನೊಂದು ಬದಿಗೆ ಅಜ್ಜಿ ಮಲಗುವ ಹಗ್ಗದ ಹೊರಸು. ಹೊರಸಿನ ಪಕ್ಕ ತಟ್ಟೆ, ಮೇಲೆ ತೂಗುವ ನಮ್ಮೂರ ಕಲ್ಲು. ಬಾಗಿ ನೋಡಿದೆ. ಕಲ್ಲಿಗೂ ಪುಡಿಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಯಿತು. ನೆಲ ನೋಡಿದರೆ ಏನೂ ಇಲ್ಲ, ಸಾರಿಸಿದ್ದು ಅಂದವಾಗಿ ಒಣಗಿತ್ತು. ಹೊರಸಿನ ಮೇಲಿನ ಅಜ್ಜಿಗೆ ಸೊಂಟದ ಮೂಳೆ ಮುರಿದಾಗಿನಿಂದ ನಡಿಗೆ ಇಲ್ಲ. ಕೈಗೆ ಮಾತ್ರ ಬಿಡುವಿರಲಿಲ್ಲ. ಮಲಗಿಕೊಂಡೇ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು.

ಹುಡುಗಿಯ ಅಪ್ಪ ನರೇಗಲ್ ಸಂತೆಯಿಂದ ಆಗಷ್ಟೇ ಬಂದಿದ್ದರು. ಹುಬ್ಬಿನ ಮೇಲೆಲ್ಲ ಅರಳೆ. ನಾನು ಹೇಳಿದ್ದನ್ನೆಲ್ಲ ಮರ್ಯಾದೆಯಿಂದ ಕೇಳಿದರು.

"ಹಳೇ ಮನಿ ಮಳಿಗಾಲದಾಗ ಹಿಂಗ ಇರ್ತಾವ್ರಿ ಬಾಯಾರ. ಗೌಂಡಿಗೆ ಹೇಳ್ತೀನ್ರಿ. ಮಳಿ ಹೊಳವಾಗ್ಲಿ, ಬಂದು ನೋಡ್ತಾನ."

"ಅಲ್ಲೀತನ ಅಮ್ಮನ್ನ ಬ್ಯಾರೆ ಕಡೆ ಮಲಗಸ್ರಿ."

"ಒಳಗ ಅಡಗಿಮನಿ ಒಂದ ಐತ್ರಿ. ಅದೂ ಸೋರತೈತಿ."

ನನ್ನ ಬಾಡಿಗೆ ಮನೆಯಲ್ಲಿ ಜಾಗವಿದೆ, ನಾನೊಬ್ಬಳೇ ಇರುವುದು, ಬನ್ನಿ ಎಂದೆ. ಅಜ್ಜಿ ಸೂಜಿ ನಿಲ್ಲಿಸಿದಳು.

"ಬಾಯಾರ, ನಾ ಕುಂತಲ್ಲೆ ಕುಂಡ್ರಾಕಿ, ಮಲಗಿದಲ್ಲೆ ಮಲಗಾಕಿ. ನಂದು ಎಲ್ಲಾ ಈ ಹೊರಸಿನ ಮ್ಯಾಲೇ ಆಗತೈತಿ. ನನ್ನ ಹೊಲಸು ಇನ್ನೊಬ್ಬರ ಮನಿಗೆ ಯಾಕ? ಬಿದ್ದರ ಇಲ್ಲೇ ಬೀಳ್ತೀನಿ." ಹೇಳಿ ಮತ್ತೆ ಸೂಜಿ ಆಡಿಸತೊಡಗಿದಳು. ಮುಖದಲ್ಲಿ ಹಟವಿರಲಿಲ್ಲ, ನಾಚಿಕೆ ಇತ್ತು.

ಮರುದಿನ ಸಿಬ್ಬಂದಿ ಕೋಣೆಯಲ್ಲಿ ವಿಷಯ ಎತ್ತಿದೆ. ಮುಖ್ಯಗುರುಗಳು ನೊಂದುಕೊಂಡರು, ಆದರೆ ಎಚ್ಚರಿಕೆಯನ್ನೂ ಹೇಳಿದರು. "ರಂಗೋಲಿ ಪುಡಿ ನೋಡಿ ಮನೆ ಖಾಲಿ ಮಾಡಿಸಿದಿರಿ ಅಂತ ಆದೀತು. ಏನೂ ಆಗದಿದ್ದರೆ?" ಆ ಪ್ರಶ್ನೆ ನನ್ನದೂ ಆಗಿತ್ತು. ಏನೂ ಆಗದಿದ್ದರೆ ಊರು ನನ್ನನ್ನು ನೋಡಿ ನಕ್ಕರೆ ನಗಲಿ. ಆದರೆ ಆ ಹುಡುಗಿ ತನ್ನ ಕಣ್ಣು ಕಂಡದ್ದನ್ನು ಇನ್ನೊಮ್ಮೆ ನಂಬುತ್ತಾಳೆಯೇ? ಆಗಿಯೇಬಿಟ್ಟರೆ? ಅದನ್ನು ಮನಸ್ಸಿನಲ್ಲಿ ಪೂರ್ತಿ ಮಾಡಲೂ ಧೈರ್ಯ ಸಾಲಲಿಲ್ಲ. ಹೊರಗೆ ಮಳೆ ಹಿಡಿದು ಕುಳಿತಿತ್ತು. ಗಾರೆಕೆಲಸದ ಗೌಂಡಿ ಬರುವ ಸೂಚನೆ ಇರಲಿಲ್ಲ.

ಆ ದಿನ ಶಾಲೆ ಬಿಡುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದೆ. ಅಜ್ಜಿಗೆ ಹೆದರಿಸುವ ಮಾತು ಒಂದೂ ಆಡುವುದಿಲ್ಲ. ಭೂಕಂಪ, ಹಗೇವು, ಯಾವುದನ್ನೂ ಎತ್ತುವುದಿಲ್ಲ. ಮೊಮ್ಮಗಳಿಗೆ ಕೊಟ್ಟ ಮನೆಗೆಲಸವನ್ನೇ ಅಜ್ಜಿಗೂ ಕೊಡುತ್ತೇನೆ.

ಹೋಗಿ, ಗೋಡೆಯ ಬುಡದಲ್ಲೇ ಕುಳಿತು, "ಅಮ್ಮಾ, ಒಂದು ಉಪಕಾರ ಮಾಡ್ರಿ. ಈ ನೂಲು ನೀವ ಕಟ್ರಿ" ಎಂದೆ. ಹುಡುಗಿ ತೊಲೆಯಿಂದ ಬಂದ ತಂತಿಯ ತುದಿಯನ್ನು ಅಜ್ಜಿಯ ಕೈಗೆ ತಂದಳು. ಅಜ್ಜಿ ಕೌದಿ ಹೊಲಿಯುವ ದಪ್ಪ ನೂಲನ್ನು ಮೇಣ ತಿಕ್ಕಿ, ಗಂಟು ಹಾಕಿ, ಇನ್ನೊಂದು ತುದಿಗೆ ಕಲ್ಲು ಬಿಗಿದಳು. ಮೇಣದ ನೂಲಿಗೆ ತೇವ ಹತ್ತುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹೊರಸಿನಿಂದ ಕೈ ಇಳಿಬಿಟ್ಟು, ಬೆರಳ ತುದಿಯಿಂದ ಕಲ್ಲಿನ ಮೂತಿ ತಡವಿ, ಪುಡಿ ತಡವಿ, "ಮುಟ್ಟೇತಿ" ಎಂದಳು.

"ನಾಳೆ ಹೊತ್ತೇರೂತನ ಅದನ್ನ ಯಾರೂ ಮುಟ್ಟಬ್ಯಾಡ್ರಿ. ನಾಳೆ ಮತ್ತ ನೀವ ನೋಡಿ ಹೇಳ್ರಿ."

"ಈ ವಯಸ್ಸಿನಾಗ ನನಗ ಸಾಲಿ ಹಚ್ಚಿದ್ರಿ" ಎಂದು ಅಜ್ಜಿ ನಕ್ಕಳು. ಅವಳ ಬಾಯಲ್ಲಿ ಹಲ್ಲು ಕಡಿಮೆಯಿದ್ದವು, ನಗು ಪೂರ್ತಿ ಇತ್ತು.

ಬೆಳಿಗ್ಗೆ ನಾನು ಹೋದಾಗ ಅವರೆಲ್ಲ ಎದ್ದು ಕಾಯುತ್ತಿದ್ದರು. ಅಜ್ಜಿ ಕೈ ಇಳಿಬಿಟ್ಟಳು. ಕಲ್ಲನ್ನು ಹುಡುಕಿಕೊಂಡು ಹೋದ ಬೆರಳು ಕಲ್ಲಿನ ಕೆಳಗೆ ಹೊಕ್ಕು ಆಚೆ ಬಂತು. ಮತ್ತೊಮ್ಮೆ ಹೊಕ್ಕಿಸಿ ನೋಡಿದಳು. ತಾನೇ ಮೇಣ ತಿಕ್ಕಿದ ನೂಲು, ತಾನೇ ಹಾಕಿದ ಗಂಟು.

"ನಿಮ್ಮ ಮನ್ಯಾಗ ನನ್ನ ತೊಳಿಯಾಕ ಯಾರದಾರ್ರಿ?" ಎಂದಳು ಕೊನೆಗೆ, ನನ್ನ ಮುಖ ನೋಡದೆ.

ನಾನು ಬಾಯಿ ತೆರೆಯುವುದರೊಳಗೆ ಹುಡುಗಿ, "ನಾ ಬರ್ತೀನಲ್ಲಬೇ. ಇಲ್ಲೆ ದಿನಾ ಮಾಡಾಕಿ ನಾನ, ಅಲ್ಲೆ ಮಾಡಾಕ ಏನಾತು?" ಎಂದಳು. ಅಡುಗೆಮನೆಯ ಬಾಗಿಲಲ್ಲಿದ್ದ ಅವಳ ಅವ್ವ ಸೆರಗು ಬಾಯಿಗೆ ಹಿಡಿದಳು. ಅಜ್ಜಿ ಮಗನ ಕಡೆ ತಿರುಗಿ, "ಎತ್ತಪಾ ನನ್ನ" ಎಂದಳು.

ಎತ್ತುವುದು ಅಂದಷ್ಟು ಸುಲಭವಿರಲಿಲ್ಲ. ನಾಲ್ಕು ಗಂಡಸರು ಹೊರಸಿಗೆ ಹೆಗಲು ಕೊಟ್ಟರೆ ಆ ಭಾರವೆಲ್ಲ ಅದೇ ಜಾಗದ ಮೇಲೆ. ಗೋಡೆಯ ಬುಡದಲ್ಲಿ ತಳಪಾಯ ಗಟ್ಟಿ, ನಡುವಿನದನ್ನು ನಂಬುವಂತಿಲ್ಲ. ಹೊಸ್ತಿಲಿನಿಂದ ಹೊರಸಿನ ಆಚೆಯ ಗೋಡೆಯವರೆಗೆ ಉದ್ದ ಹಲಗೆಗಳನ್ನು ಜೋಡಿಸೋಣ, ಭಾರ ಹಂಚಿಹೋಗುತ್ತದೆ ಎಂದೆ. ಮುಂದಿನದು ಗಾದಿಯವರದೇ ಕೆಲಸ. ಹಲಗೆಯ ಮೇಲೆ ಒಂದು ದಪ್ಪ ಗಾದಿ ಹಾಸಿದರು, ತಾವೊಬ್ಬರೇ ಮಂಡಿಯೂರಿ ಹೋಗಿ ತಾಯಿಯನ್ನು ಮಗುವಿನಂತೆ ಅಪ್ಪಿ ಅದರ ಮೇಲೆ ಇಳಿಸಿ, ಹಾಗೆಯೇ ಹಿಂದೆ ಸರಿದರು. ಹೊಸ್ತಿಲಲ್ಲಿ ನಿಂತ ನಾವು ಗಾದಿಯ ಮೂಲೆ ಹಿಡಿದು ಮೆಲ್ಲಗೆ ಎಳೆದೆವು. ಹಲಗೆ ಒಮ್ಮೆ ಕಿರುಗುಟ್ಟಿತು. ಎಳೆಯುವುದನ್ನು ನಿಲ್ಲಿಸಿ, ಮತ್ತೆ ಇನ್ನೂ ಮೆಲ್ಲಗೆ ಎಳೆದೆವು. ಅಜ್ಜಿ ಮಾತ್ರ ಕಣ್ಣು ಮುಚ್ಚಿಕೊಂಡು, "ಮದುವ್ಯಾಗೂ ನನಗ ಇಂಥಾ ಮೆರವಣಿಗಿ ಆಗಿದ್ದಿಲ್ಲ" ಎಂದಳು.

ಟಂಟಂ ಗಾಡಿಯಲ್ಲಿ ಗಾದಿ ಸಮೇತ ಅವಳನ್ನು ನನ್ನ ಮನೆಗೆ ಸಾಗಿಸಿದೆವು. ತಾಯಿಯನ್ನು ಹೊರಗೆ ತಂದ ಮೇಲೆ ಮಗನಿಗೂ ಸುಮ್ಮನಿರಲಾಗಲಿಲ್ಲ. ಮಧ್ಯಾಹ್ನ ಮಳೆಯಲ್ಲೇ ಗೌಂಡಿಯನ್ನು ಕರೆತಂದರು. ಹುಡುಗಿಯೂ ನಾನೂ ಹೊಸ್ತಿಲಾಚೆ ನಿಂತೆವು. ಗೌಂಡಿ ಖಾಲಿ ಹೊರಸನ್ನು ಎತ್ತಿ ಆಚೆ ಇಟ್ಟು, ಹಲಗೆಯ ಮೇಲೆ ಕುಳಿತು ಹಾರೆಯಿಂದ ಅಲ್ಲಲ್ಲಿ ತಟ್ಟಿದ. ಹೊರಸಿದ್ದ ಜಾಗಕ್ಕೆ ಬಂದಾಗ ಸದ್ದು ಬದಲಾಯಿತು. ಹಾರೆಯನ್ನು ಎತ್ತಿ ಒಂದೇ ಪೆಟ್ಟು ಹಾಕಿದ. ಹಾರೆ ಅವನ ಕೈಯಿಂದ ಜಾರಿ ನೆಲದೊಳಗೆ ಹೋಗಿಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಕೆಳಗಿನಿಂದ ನೀರಿಗೆ ಬಿದ್ದ ಸದ್ದು ಬಂತು.

ತೂತಿನ ಸುತ್ತ ಹೊರಸಿನ ನಾಲ್ಕು ಕಾಲುಗಳ ಗುರುತುಗಳು ಇನ್ನೂ ಹಾಗೇ ಇದ್ದವು. ಇಷ್ಟು ದಿನ ಎಲ್ಲವನ್ನೂ ನೋಡಿ, ಅಳೆದು, ವಿಚಾರ ಮಾಡಿ ಹೇಳಿದ ಹುಡುಗಿ ಆ ಗುರುತುಗಳನ್ನು ನೋಡಿ ನನ್ನ ಸೀರೆಯ ನಿರಿಗೆ ಹಿಡಿದುಕೊಂಡು ಕುಸಿದು ಕುಳಿತಳು. ಅತ್ತಳು. ನಾನು ಅವಳ ತಲೆ ಒತ್ತಿ ಹಿಡಿದುಕೊಂಡೆ. ನನಗೂ ಅಳು ಬಂತು, ತಡೆಯಲಿಲ್ಲ.

ಆಮೇಲೆ ಚಪ್ಪಡಿಯ ಚೂರುಗಳನ್ನು ಸರಿಸಿ, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು. ಒಳಗಿನ ಗಾಳಿ ಕೆಟ್ಟಿದೆ, ಯಾರೂ ಇಳಿಯಬಾರದು ಎಂದರ್ಥ. ಮನೆ ಒಮ್ಮೆ ಕಾಳಿನ ವ್ಯಾಪಾರಿಗಳದಾಗಿತ್ತಂತೆ, ಅಜ್ಜಿಯ ಗಂಡ ಅವರಿಂದ ಕೊಂಡದ್ದು. ರಾತ್ರಿಯ ಅಡುಗೆಗೆ ಮನೆಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ.

"ಒಳಗ ಜ್ವಾಳ ಇದ್ದವೇನ್ರಿ?"

"ಕೊಳತು ಕರ್ರಗಾಗಿ ಒಂದಿಷ್ಟು ತೇಲಾಕತ್ತಿದ್ದವ್ರಿ."

"ಸೇರು ಜ್ವಾಳಕ್ಕ ಪರದಾಡಿದ ದಿನಾ ಅದರ ಮ್ಯಾಲೇ ಮಲಗಿದ್ವಿ ನೋಡ್ರಿ" ಎಂದು ನಕ್ಕು, ಮೊಮ್ಮಗಳನ್ನು ಹತ್ತಿರ ಕರೆದು ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

ಹಗೇವಿಗೆ ಗುಡ್ಡದ ಕಲ್ಲು, ಅದರ ಮೇಲೆ ಗರಸು ಮಣ್ಣು ತುಂಬಿ, ನೀರು ಹೊಡೆದು, ದಮ್ಮಸು ಮಾಡಿ ಗಟ್ಟಿ ಮಾಡುವತನಕ ಅಜ್ಜಿ ಮೊಮ್ಮಗಳು ನನ್ನ ಮನೆಯಲ್ಲಿದ್ದರು. ಹುಡುಗಿ ಬೆಳಿಗ್ಗೆ ಅಜ್ಜಿಯದೆಲ್ಲ ಮುಗಿಸಿ ನನ್ನ ಜೊತೆ ಶಾಲೆಗೆ ಬರುತ್ತಿದ್ದಳು. ನಡುವೆ ಅವಳ ಅವ್ವ ಬಂದು ಹೋಗುತ್ತಿದ್ದಳು. ನಾನು ಒಂದೆರಡು ಬಾರಿ ಕೈ ಹಚ್ಚಲು ಹೋದರೆ ಅಜ್ಜಿ ಮುಖ ತಿರುಗಿಸುತ್ತಿದ್ದಳು, ಮೂರನೆಯ ಬಾರಿ ತಿರುಗಿಸಲಿಲ್ಲ. ಆ ದಿನ ನನಗೆ ಬಹುಮಾನ ಬಂದಷ್ಟು ಸಂತೋಷವಾಯಿತು. ಒಂದು ಸಂಜೆ ಗೆರೆಗಲ್ಲನ್ನು ಅಜ್ಜಿಯ ಅಂಗೈಯಲ್ಲಿಟ್ಟು, ಇದು ನೀರು ಹರಿದ ಗುರುತು ಎಂದು ಹೇಳಿದೆ.

"ಅಂದ್ರ ನಿಮ್ಮ ಗುಡ್ಡಾ ಮೊದಲ ನೀರಿನ ತಳದಾಗ ಇತ್ತೇನ್ರಿ?" ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತ, "ನಾನೂ ಮೊದಲ ಓಡ್ಯಾಡಾಕಿ ಇದ್ನಿ" ಎಂದಳು.

ಅವರು ವಾಪಸು ಹೋದ ದಿನ ನಾನೂ ಹೋಗಿದ್ದೆ. ಹೊರಸು ಅದೇ ಜಾಗದಲ್ಲಿ ಹಾಕಲು ಮಗ ಹಿಂಜರಿದರು. ಅಜ್ಜಿ ಕೇಳಲಿಲ್ಲ, ಊರಿನಲ್ಲೆಲ್ಲ ಈಗ ಅದೇ ಗಟ್ಟಿ ನೆಲ ಎಂದಳು. ಹುಡುಗಿ ಸ್ಟೂಲು ಹತ್ತಿ ತೊಲೆಗೆ ಮೇಣದ ನೂಲು ಕಟ್ಟಿ, ತಟ್ಟೆ ಇಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು.

"ಮುಟ್ಟೇತೇನ?" ಎಂದಳು ಅಜ್ಜಿ.

"ಮುಟ್ಟೇತಬೇ."

"ಹಂಗಾದ್ರ ಚಾ ಇಡು. ನಿಮ್ಮ ಬಾಯಾರು ಕುಂತಾರ."

ತರಗತಿ ಈಗ ಬೆಳಕಿನ ಪಾಠಕ್ಕೆ ಹೋಗಿದೆ. ಕಿಟಕಿಯಲ್ಲಿ ಕೂತ ಗುಳ್ಳವ್ವ ಒಣಗಿ ಬಿರುಕು ಬಿಟ್ಟಿದ್ದಾಳೆ, ತೆಗೆಯಲು ಯಾರೂ ಬಿಡುವುದಿಲ್ಲ. ಭೂಕಂಪವ್ವ ಎಂಬ ಹೆಸರು ಉಳಿದಿದೆ, ಆದರೆ ಮನೆಯ ನೆಲ ತುಸು ಬಿರಿದರೂ ಗೆಳತಿಯರು ಮೊದಲು ಅವಳನ್ನು ಕರೆಯುತ್ತಾರೆ. ದಿನಾ ಬೆಳಿಗ್ಗೆ ಪ್ರಾರ್ಥನೆಯ ಸಾಲಿಗೆ ಹೋಗುವಾಗ ಅವಳು ನನ್ನ ಹತ್ತಿರ ಹಾದುಹೋಗುತ್ತಾಳೆ. ನಿಲ್ಲುವುದಿಲ್ಲ, ನಮಸ್ಕಾರವನ್ನೂ ಹೇಳುವುದಿಲ್ಲ. "ಮುಟ್ಟೇತ್ರಿ" ಎನ್ನುತ್ತಾಳೆ. ಅದನ್ನು ಕೇಳಿದ ಮೇಲೆಯೇ ನಾನು ಗಂಟೆ ಬಾರಿಸಲು ಹೇಳುತ್ತೇನೆ.